ಮೀಸೆ ಕತ್ತರಿಸಿದ ಮೇಲೆ ಉಳಿದ ಮುಖ

2004ರ ಅಕ್ಟೋಬರ್ 19. ಧರ್ಮಪುರಿಯ ಸರ್ಕಾರಿ ಆಸ್ಪತ್ರೆಯ ಸುತ್ತ ಜನವೋ ಜನ. ಹಿಂದಿನ ರಾತ್ರಿ ಪಾಪ್ಪಾರಪಟ್ಟಿಯ ಬಳಿ ತಮಿಳುನಾಡಿನ ವಿಶೇಷ ಕಾರ್ಯಪಡೆಯ ಗುಂಡಿಗೆ ಬಿದ್ದ ನಾಲ್ವರ ದೇಹಗಳು ಒಳಗಿವೆ. ಅದರಲ್ಲೊಂದು ಕಾಡುಗಳ್ಳ ವೀರಪ್ಪನ್‌ನದು. ನೋಡಬಂದವರ ಕಣ್ಣು ಅರಸುವುದು ಕೆನ್ನೆಯುದ್ದಕ್ಕೂ ಹಬ್ಬಿದ ಆ ಮೀಸೆಯನ್ನು. ಅದೇ ಇಲ್ಲ! ತುಟಿಯ ಮೇಲೆ ಯಾರಿಗಾದರೂ ಇರಬಹುದಾದ ಗಿಡ್ಡ ಮೀಸೆ, ಇಳಿದ ಕೆನ್ನೆ, ಹಣೆಯಲ್ಲಿ ಗುಂಡಿನ ಗಾಯ.

2000ದಲ್ಲಿ ನಟ ಡಾ. ರಾಜ್‌ಕುಮಾರ್ ಅವರನ್ನು ಆತ ಅಪಹರಿಸಿ 108 ದಿನ ಕಾಡಿನಲ್ಲಿಟ್ಟುಕೊಂಡಾಗ ಕನ್ನಡದ ಮನೆಮನೆಯಲ್ಲೂ ಆ ಮೀಸೆ ಕಂಡಿತ್ತು. ನಮಗೆ ಗೊತ್ತಿದ್ದದ್ದು ಅಷ್ಟೇ, ಅದರ ಹಿಂದಿನ ಮುಖವಲ್ಲ.

ಗೋಪಿನಾಥಂನಲ್ಲಿ 1952ರಲ್ಲಿ ಹುಟ್ಟಿದವನಿಗೆ ಸಾಯುವಾಗ ಐವತ್ತೆರಡು. ಆ ವಯಸ್ಸಿಗೆ ಮುಖದ ಮೂಳೆಯೇ ಸವೆಯತೊಡಗಿರುತ್ತದೆ. ಕಣ್ಣಿನ ಗೂಡು ಅಗಲವಾಗುತ್ತದೆ, ಮೇಲ್ದವಡೆ ಹಿಂದೆ ಸರಿಯುತ್ತದೆ, ಆಸರೆ ತಪ್ಪಿದ ಕೊಬ್ಬು ಕೆಳಗಿಳಿದು ಮೂಗಿನ ಪಕ್ಕದ ಗೆರೆ ಆಳವಾಗುತ್ತದೆ. ಮೂಗಿನ ತುದಿ ಜಗ್ಗುತ್ತದೆ, ಕಿವಿಯ ಹಾಲೆ ಉದ್ದವಾಗುತ್ತದೆ. ಆದರೂ ಕಿವಿಯೊಳಗಿನ ಮಡಿಕೆಗಳ ವಿನ್ಯಾಸ ಹೆಚ್ಚುಕಡಿಮೆ ಹಾಗೇ ಉಳಿಯುವುದರಿಂದ, ಪರಿಣತರು ಗುರುತು ಹಚ್ಚಲು ಹಳೆಯ ಫೋಟೋ ಹಿಡಿದಾಗ ಮೊದಲು ನೋಡುವ ಭಾಗಗಳಲ್ಲಿ ಕಿವಿಯೂ ಒಂದು.

ಮುಪ್ಪು ಎಲ್ಲ ಜನರಿಗೂ ಒಂದೇ ತೆರ ಬರುವುದಿಲ್ಲ. ಬಿಳಿ ಚರ್ಮದಲ್ಲಿ ಸುಕ್ಕು ಬೇಗ ಬೀಳುತ್ತದೆ. ಮೆಲನಿನ್ ತುಂಬಿದ ನಮ್ಮ ಚರ್ಮದಲ್ಲಿ ಅದು ತಡವಾಗಿ, ಬದಲಿಗೆ ಕಪ್ಪು ಕಲೆ, ಕಣ್ಣಸುತ್ತಿನ ಕಪ್ಪು ಮೊದಲು. ಯೂರೋಪಿನ ಮುಖಗಳಿಂದ ಕಲಿತ ಲೆಕ್ಕವನ್ನೇ ನಮ್ಮ ಕಡೆಯ ಬಿಸಿಲುಂಡ ಮುಖಕ್ಕೆ ಹಾಕಿ 'ಈಗ ಹೀಗಿರುತ್ತಾನೆ' ಎಂದು ಚಿತ್ರ ಬರೆದರೆ ಬೇರೊಬ್ಬ ಅಮಾಯಕ ಸಿಕ್ಕಿಬೀಳಬಹುದು. ಇದು ಸಣ್ಣ ಮಾತಲ್ಲ. ವೀರಪ್ಪನ್ ಬೇಟೆಯ ಹೆಸರಿನಲ್ಲಿ ಕಾರ್ಯಪಡೆಗಳ ಹಿಂಸೆಗೆ ನಲುಗಿದ ಕರ್ನಾಟಕ-ತಮಿಳುನಾಡು ಗಡಿಯ ಹಳ್ಳಿಗರ ದೂರುಗಳನ್ನು ವಿಚಾರಿಸಲು ನ್ಯಾಯಮೂರ್ತಿ ಸದಾಶಿವ ಸಮಿತಿಯೇ ಬೇಕಾಯಿತು. ಅವರ ನೋವನ್ನು ಬಿಟ್ಟು ಈ ಕಥೆ ಹೇಳಲು ನನಗೆ ಮನಸ್ಸಾಗದು.

ಕಾರ್ಯಾಚರಣೆಯ ಮುಖ್ಯಸ್ಥ ಕೆ. ವಿಜಯಕುಮಾರ್ ತಮ್ಮ ಪುಸ್ತಕದಲ್ಲಿ ಬರೆದಂತೆ, ಮೀಸೆಗೆ ಬಣ್ಣ ಹಚ್ಚುವಾಗ ಕೆಲವು ಹನಿ ವೀರಪ್ಪನ್‌ನ ಕಣ್ಣಿಗೆ ಬಿದ್ದಿದ್ದವು. ನರೆ ಮರೆಸಲು ಹೊರಟದ್ದೇ ಅವನನ್ನು ಕಾಡಿನಿಂದ ಹೊರಗೆಳೆಯಿತು. ಕಣ್ಣಿನ ಚಿಕಿತ್ಸೆಗೆಂದು ಹತ್ತಿದ ಆಂಬುಲೆನ್ಸಿನ ಮೇಲೆ ಸೇಲಂ ಆಸ್ಪತ್ರೆಯೊಂದರ ಹೆಸರಿತ್ತು, ಓಡಿಸುತ್ತಿದ್ದವರು ಪೊಲೀಸರು.

ಸೇಲಂ ಜಿಲ್ಲೆಯ ಮೂಲಕಾಡಿನಲ್ಲಿ ಅವನ ದೇಹವನ್ನು ಸುಡದೆ ಹೂಳಿದರು. ಹೂಳಿದಲ್ಲಿ ತಲೆಬುರುಡೆ ಉಳಿಯುತ್ತದೆ. ಬುರುಡೆಯ ಚಿತ್ರವನ್ನು ಬದುಕಿದ್ದಾಗಿನ ಫೋಟೋದ ಮೇಲಿಟ್ಟು ಹೊಂದಿಸುವ ವಿಧಾನದಲ್ಲಿ ತಮಿಳುನಾಡಿನ ವಿಧಿವಿಜ್ಞಾನಿ ಪಿ. ಚಂದ್ರಶೇಖರನ್ ಹೆಸರಾದವರು. ಆ ಕೆಲಸಕ್ಕೆ ಹಲ್ಲು ಕಾಣುವಂತೆ ನಕ್ಕ ಫೋಟೋ ಸಿಕ್ಕರೆ ಒಳ್ಳೆಯದು; ದೊಡ್ಡ ಮೀಸೆ ಅಲ್ಲಿ ಅಡ್ಡಿ.