ಕೊಯ್ದ ಹಸುರಿನ ಆಯುಷ್ಯ

ಹಬ್ಬದ ದಿನ ಮನೆಯನ್ನು ಹಸುರಿನಿಂದ ಸಿಂಗರಿಸುವ ರೂಢಿ ಅನೇಕ ದೇಶಗಳಲ್ಲಿ ಉಂಟು. ಗೋಕಾಕ ತಾಲೂಕಿನ ಮಮದಾಪುರದಂತಹ ಊರುಗಳಲ್ಲಿ ಯುಗಾದಿ, ದಸರೆ, ದೀಪಾವಳಿಗಳಂದು ಬಾಗಿಲಿಗೆ ಮಾವಿನೆಲೆಯ ತೋರಣವಿಲ್ಲದಿದ್ದರೆ ಹಬ್ಬ ಬಂದಂತೆಯೇ ತೋರುವುದಿಲ್ಲ. ಡಿಸೆಂಬರ್ ತಿಂಗಳಲ್ಲಿ ಬೆಳಗಾವಿ, ಬೆಂಗಳೂರು, ಮಂಗಳೂರುಗಳ ಕ್ರೈಸ್ತ ಕುಟುಂಬಗಳು ಕ್ರಿಸ್‌ಮಸ್ ಹಬ್ಬಕ್ಕಾಗಿ ಮನೆಯನ್ನು ಅಲಂಕರಿಸುತ್ತವೆ. ಗಾಳಿಮರದ ಕೊಂಬೆಯನ್ನು ತಂದು ನಿಲ್ಲಿಸಿ ಅದಕ್ಕೆ ನಕ್ಷತ್ರಗಳನ್ನು ತೂಗುಹಾಕುವವರಿದ್ದಾರೆ. ಯೂರೋಪಿನ ಉತ್ತರ ದೇಶಗಳಲ್ಲಿ ಇದೇ ಹಬ್ಬಕ್ಕೆ ಫರ್ ಮತ್ತು ಸ್ಪ್ರೂಸ್ ಮರಗಳನ್ನು ಕಡಿದು ತರುತ್ತಾರೆ. ಹಾಲಿ, ಐವಿ ಎಂಬ ಗಿಡಗಳ ಎಲೆಗಳನ್ನು ಹೆಣೆದು ಬಾಗಿಲಿಗೆ ಮಾಲೆ ಕಟ್ಟುತ್ತಾರೆ.

ಈ ಜನರು ಒಬ್ಬರನ್ನೊಬ್ಬರು ಕೇಳಿ ಎಲೆಗಳನ್ನು ಆರಿಸಿದವರಲ್ಲ. ಆದರೂ ಅವರ ಆಯ್ಕೆಯಲ್ಲಿ ಒಂದು ಸಾಮ್ಯವಿದೆ. ನುಗ್ಗೆಯ ಸೊಪ್ಪನ್ನಾಗಲಿ ಹುಣಸೆಯ ಚಿಗುರನ್ನಾಗಲಿ ಯಾರೂ ತೋರಣ ಕಟ್ಟುವುದಿಲ್ಲ. ಅವು ಸಂಜೆಯೊಳಗೆ ಜೋತುಬೀಳುತ್ತವೆ. ಯುಗಾದಿಯ ತೋರಣದಲ್ಲಿ ಮಾವಿನ ಜೊತೆಗೆ ಬೇವಿನ ಎಸಳನ್ನೂ ಸೇರಿಸುವುದುಂಟು. ಮರುದಿನ ನೋಡಿದರೆ ಬೇವು ಮುದುಡಿರುತ್ತದೆ, ಮಾವು ಇನ್ನೂ ನೆಟ್ಟಗಿರುತ್ತದೆ. ಒಂದೇ ಬಾಗಿಲು, ಒಂದೇ ಗಾಳಿ, ಒಂದೇ ಬಿಸಿಲು. ಹೀಗಿದ್ದರೂ ಈ ಭೇದವೇಕೆ?

ನೀರು ಹೊರಗೆ ಹೋಗುವ ದಾರಿ

ಎಲೆ ನೆಟ್ಟಗಿರುವುದು ಮುಖ್ಯವಾಗಿ ಅದರ ಜೀವಕೋಶಗಳೊಳಗಿನ ನೀರಿನ ಒತ್ತಡದಿಂದ. ಗಾಳಿ ತುಂಬಿದ ಚೆಂಡು ಬಿಗಿಯಾಗಿರುವಂತೆ ನೀರು ತುಂಬಿದ ಕೋಶ ಬಿಗಿಯಾಗಿರುತ್ತದೆ. ನೀರು ಕಳೆದಂತೆಲ್ಲ ಬಿಗಿ ಸಡಿಲುತ್ತದೆ. ಇದನ್ನೇ ನಾವು ಬಾಡುವುದು ಎನ್ನುತ್ತೇವೆ. ಆದುದರಿಂದ ಕೊಯ್ದ ಹಸುರಿನ ಆಯುಷ್ಯದ ಪ್ರಶ್ನೆಯು ಬಹುಮಟ್ಟಿಗೆ ನೀರಿನ ಆಯವ್ಯಯದ ಪ್ರಶ್ನೆಯೇ ಆಗಿದೆ. ಆಯ ನಿಂತುಹೋಗಿದೆ, ವ್ಯಯ ಎಷ್ಟು ನಿಧಾನವೋ ಆಯುಷ್ಯ ಅಷ್ಟು ದೀರ್ಘ.

ಈ ವ್ಯಯವನ್ನು ತೂಗಿ ಅಳೆದವರಲ್ಲಿ ಮೊದಲಿಗರು ಇಂಗ್ಲೆಂಡಿನ ಪಾದ್ರಿ ಸ್ಟೀಫನ್ ಹೇಲ್ಸ್. ಕುಂಡದಲ್ಲಿ ಬೆಳೆದ ಸೂರ್ಯಕಾಂತಿಯ ಗಿಡವನ್ನು ದಿನದಿನವೂ ತೂಗಿ, ಎಲೆಗಳ ಮೂಲಕ ಎಷ್ಟು ನೀರು ಆವಿಯಾಗಿ ಹೋಗುತ್ತದೆಂಬುದನ್ನು ಅವರು 1727ರಲ್ಲಿ ಗ್ರಂಥರೂಪದಲ್ಲಿ ಪ್ರಕಟಿಸಿದರು. ಇದಕ್ಕೆ ಬಾಷ್ಪವಿಸರ್ಜನೆ ಎಂದು ಹೆಸರು.

ಎಲೆಯಿಂದ ನೀರು ಎರಡು ದಾರಿಗಳಲ್ಲಿ ಹೋಗುತ್ತದೆ. ಮೊದಲನೆಯದು ಪತ್ರರಂಧ್ರಗಳೆಂಬ ಸೂಕ್ಷ್ಮ ಬಾಯಿಗಳು. ಎರಡನೆಯದು ಎಲೆಯ ಮೇಲ್ಪೊರೆ. ನೀರಿನ ಕೊರತೆಯಾದೊಡನೆ ರಂಧ್ರಗಳು ಮುಚ್ಚಿಕೊಳ್ಳುತ್ತವೆ. ಅಲ್ಲಿಂದ ಮುಂದೆ ನೀರು ಮೇಲ್ಪೊರೆಯ ಮೂಲಕವೇ ಜಿನುಗಬೇಕು. ಆ ಪೊರೆ ಮೇಣದಂತಹ ವಸ್ತುವಿನಿಂದ ಕೂಡಿದೆ. ನುಗ್ಗೆಯ ಎಲೆಯಲ್ಲಿ ಅದು ತೆಳು, ಮಾವಿನ ಬಲಿತ ಎಲೆಯಲ್ಲಿ ದಪ್ಪ. ಜೊತೆಗೆ ಮಾವಿನ ಪತ್ರರಂಧ್ರಗಳು ಹೆಚ್ಚಾಗಿ ಕೆಳಮೈಯಲ್ಲಿಯೇ ಇವೆ. ಫರ್ ಮರದ ಎಲೆ ಸೂಜಿಯಂತಿದ್ದು ಅದರ ರಂಧ್ರಗಳು ಮೇಣ ತುಂಬಿದ ಗುಳಿಗಳಲ್ಲಿ ಅಡಗಿವೆ. ಗಾಳಿಮರದಲ್ಲಿ ನಾವು ಸೂಜಿಯೆಂದು ಭಾವಿಸುವುದು ಎಲೆಯೇ ಅಲ್ಲ. ಅದು ಹಸುರು ಕಿರುರೆಂಬೆ. ನಿಜವಾದ ಎಲೆಗಳು ಅದರ ಗೆಣ್ಣುಗಳಲ್ಲಿ ಸಣ್ಣ ಹಲ್ಲುಗಳಂತೆ ಉಳಿದಿವೆ, ರಂಧ್ರಗಳು ರೆಂಬೆಯ ಸೀಳುಗಳೊಳಗೆ ಇವೆ. ಬರಗಾಲವನ್ನೋ ಹಿಮಗಾಲವನ್ನೋ ದಾಟುವುದಕ್ಕಾಗಿ ಈ ಮರಗಳು ನೀರನ್ನು ಬಿಗಿಹಿಡಿಯುವ ಉಪಾಯವನ್ನು ಪಡೆದಿವೆ. ಹಬ್ಬ ಮಾಡುವವರು ಅದರ ಲಾಭವನ್ನು ಪಡೆಯುತ್ತಾರೆ.

ಇಲ್ಲಿ ಒಂದು ಸ್ವಾರಸ್ಯವಿದೆ. ಮಾತಿನಲ್ಲಿ ನಾವು 'ತಳಿರುತೋರಣ' ಎನ್ನುತ್ತೇವೆ. ಆದರೆ ಮಾವಿನ ತಾಮ್ರವರ್ಣದ ಎಳೆದಳಿರಿಗೆ ಮೇಣದ ಪೊರೆ ಇನ್ನೂ ಬಲಿತಿರುವುದಿಲ್ಲ. ಅದು ಎಲ್ಲಕ್ಕಿಂತ ಮೊದಲು ಬಾಡುತ್ತದೆ. ತೋರಣಕ್ಕೆ ತಕ್ಕುದು ಕಡುಹಸುರಿನ ಬಲಿತ ಎಲೆ.

ಗಾಳಿಯ ಬಾಯಾರಿಕೆ

ಎಲೆಯ ಗುಣವೊಂದೇ ಸಾಲದು, ಗಾಳಿಯ ಗುಣವನ್ನೂ ನೋಡಬೇಕು. ಗಾಳಿಯಲ್ಲಿ ಇರಬಹುದಾದ ನೀರಾವಿಗೆ ಒಂದು ಮಿತಿಯುಂಟು. ಉಷ್ಣತೆ ಏರಿದಂತೆ ಈ ಮಿತಿಯೂ ಏರುತ್ತದೆ. 20 ಡಿಗ್ರಿ ಸೆಲ್ಸಿಯಸ್‌ನಲ್ಲಿ ಒಂದು ಘನ ಮೀಟರು ಗಾಳಿಯಲ್ಲಿ ಹೆಚ್ಚೆಂದರೆ ಸುಮಾರು 17 ಗ್ರಾಂ ಆವಿ ಇರಬಲ್ಲದು. 30 ಡಿಗ್ರಿಯಲ್ಲಿ 30 ಗ್ರಾಂ. 38 ಡಿಗ್ರಿಯಲ್ಲಿ 46 ಗ್ರಾಂ. ಈ ಮಿತಿಗೂ ಗಾಳಿಯಲ್ಲಿ ವಾಸ್ತವವಾಗಿ ಇರುವ ಆವಿಗೂ ನಡುವಣ ಅಂತರವನ್ನು ಗಾಳಿಯ ಬಾಯಾರಿಕೆ ಎನ್ನೋಣ.

ಯುಗಾದಿಯ ಮಧ್ಯಾಹ್ನ ಉಷ್ಣತೆ 38 ಡಿಗ್ರಿ, ಸಾಪೇಕ್ಷ ಆರ್ದ್ರತೆ ನೂರಕ್ಕೆ 25 ಎಂದಿಟ್ಟುಕೊಳ್ಳೋಣ. ಆಗ ಬಾಯಾರಿಕೆ ಘನ ಮೀಟರಿಗೆ 34 ಗ್ರಾಂ. ಡಿಸೆಂಬರಿನ ಮಧ್ಯಾಹ್ನ 28 ಡಿಗ್ರಿ, ಆರ್ದ್ರತೆ ನೂರಕ್ಕೆ 40 ಇದ್ದರೆ 16 ಗ್ರಾಂ. ಮಳೆಗಾಲದಲ್ಲಿ 24 ಡಿಗ್ರಿ, ನೂರಕ್ಕೆ 90 ಆದರೆ ಕೇವಲ 2 ಗ್ರಾಂ. ಹೀಗೆ ಒಂದೇ ಮರದ ಎಲೆ ಒಂದು ಹಬ್ಬಕ್ಕೆ ಬೇಗ ಒಣಗುತ್ತದೆ, ಇನ್ನೊಂದಕ್ಕೆ ಬಹುಕಾಲ ಉಳಿಯುತ್ತದೆ. ಗೋಕಾಕವು ಪಶ್ಚಿಮ ಘಟ್ಟಗಳ ಮಳೆಯ ನೆರಳಿನಲ್ಲಿರುವ ಒಣ ಸೀಮೆ. ಮಂಗಳೂರು ಕಡಲಿನ ತೇವವುಳ್ಳ ಊರು. ಒಂದೇ ಉಷ್ಣತೆಯಲ್ಲಿಯೂ ಈ ಎರಡು ಊರುಗಳ ಹಸುರಿಗೆ ಒಂದೇ ಆಯುಷ್ಯವಿರಲಾರದು.

ಕಟ್ಟುವ ಕ್ರಮ

ಇಷ್ಟನ್ನು ತಿಳಿದರೆ ಅಲಂಕಾರದ ಕೆಲಸಕ್ಕೆ ನಿಯಮಗಳು ತಾವಾಗಿಯೇ ದೊರೆಯುತ್ತವೆ. ಎಲೆಯನ್ನು ನಸುಕಿನಲ್ಲಿ ಕೊಯ್ಯಬೇಕು. ರಾತ್ರಿಯೆಲ್ಲ ಬೇರು ನೀರನ್ನು ತುಂಬಿರುವುದರಿಂದ ಆ ಹೊತ್ತಿಗೆ ಎಲೆ ಅತ್ಯಂತ ಬಿಗಿಯಾಗಿರುತ್ತದೆ. ತೊಟ್ಟನ್ನು ಬಿಡದೆ ಕೊಯ್ದು, ಕಟ್ಟುವವರೆಗೆ ಒದ್ದೆ ಬಟ್ಟೆಯಲ್ಲಿ ಸುತ್ತಿಡಬೇಕು. ಎಲೆಯನ್ನು ಮಡಿಸಿ ಕಡ್ಡಿ ಚುಚ್ಚಿದರೆ ಮೇಣದ ಪೊರೆ ಹರಿದು ಅಲ್ಲಿಂದಲೇ ಒಣಗತೊಡಗುತ್ತದೆ. ಅದಕ್ಕಿಂತ ಪುಂಡಿಯ ನಾರಿನ ಹುರಿಯನ್ನು ಸ್ವಲ್ಪ ಬಿಚ್ಚಿ ಎಳೆಗಳ ನಡುವೆ ತೊಟ್ಟನ್ನು ಸಿಕ್ಕಿಸುವುದು ಲೇಸು.

ಗಾಳಿಮರದ ಕೊಂಬೆಯನ್ನು ನಿಲ್ಲಿಸುವವರು ಇನ್ನೊಂದು ವಿಷಯವನ್ನು ಗಮನಿಸಬೇಕು. ಮರದೊಳಗಿನ ನೀರು ಬೇರಿನಿಂದ ಎಲೆಯವರೆಗೆ ಬಿಗಿಯಾಗಿ ಎಳೆದ ದಾರದಂತಿರುತ್ತದೆಂದು 1894ರಲ್ಲಿ ಡಿಕ್ಸನ್ ಮತ್ತು ಜೋಲಿ ಎಂಬ ಐರ್ಲೆಂಡಿನ ವಿಜ್ಞಾನಿಗಳು ವಿವರಿಸಿದರು. ಕೊಂಬೆಯನ್ನು ಕಡಿದೊಡನೆ ಆ ದಾರ ತುಂಡಾಗಿ ಒಳಕ್ಕೆ ಸರಿಯುತ್ತದೆ. ನಾಳಗಳ ಬಾಯಿಗೆ ಗಾಳಿ ಹೊಗುತ್ತದೆ. ಅನಂತರ ನೀರಿನಲ್ಲಿ ನಿಲ್ಲಿಸಿದರೂ ನೀರು ಸುಲಭವಾಗಿ ಏರದು. ಆದುದರಿಂದ ಮನೆಗೆ ತಂದ ಕೊಂಬೆಯ ಬುಡವನ್ನು ನೀರಿನೊಳಗೇ ಮುಳುಗಿಸಿ ಇನ್ನೆರಡು ಅಂಗುಲ ಕತ್ತರಿಸಿ, ನೀರು ತುಂಬಿದ ಬಕೆಟ್ಟಿನಲ್ಲಿಯೇ ನಿಲ್ಲಿಸಬೇಕು.

ಕೊಯ್ಯದೆ ಬೆಳೆಸುವ ಹಸುರು

ಹಸುರನ್ನು ಕೊಯ್ದು ತರುವುದಕ್ಕೆ ಬದಲಾಗಿ ಮನೆಯಲ್ಲಿಯೇ ಬೆಳೆಸುವ ಪದ್ಧತಿಯೂ ಉಂಟು. ಕರಾವಳಿಯ ಕ್ರೈಸ್ತರು ಯೇಸುವಿನ ಜನನದ ದೃಶ್ಯವನ್ನು ತೋರಿಸುವ ಗೋದಲಿಯ ಸುತ್ತ ರಾಗಿಯನ್ನೋ ಬತ್ತವನ್ನೋ ಮೊಳೆಯಿಸಿ ಹಸುರು ಗದ್ದೆಗಳನ್ನು ನಿರ್ಮಿಸುತ್ತಾರೆ. ಉತ್ತರ ಕರ್ನಾಟಕದ ಮನೆಗಳಲ್ಲಿ ನವರಾತ್ರಿಯಂದು ಘಟ ಹಾಕಿ, ಮಣ್ಣಿನಲ್ಲಿ ಧಾನ್ಯಗಳನ್ನು ಬಿತ್ತಿ ಸಸಿ ಬೆಳೆಸುವುದು ಇದನ್ನೇ ಹೋಲುತ್ತದೆ. ದೇವರ ಕೋಣೆಯ ಮಬ್ಬಿನಲ್ಲಿ ಬೆಳೆದ ಘಟದ ಸಸಿ ಉದ್ದವಾಗಿ ಹಳದಿಯಾಗಿರುತ್ತದೆ, ಏಕೆಂದರೆ ಈ ಧಾನ್ಯಗಳಲ್ಲಿ ಪತ್ರಹರಿತ್ತು ಉಂಟಾಗುವುದಕ್ಕೆ ಬೆಳಕು ಅವಶ್ಯಕ. ಗೋದಲಿಗೆ ಹಸುರು ಬೇಕಾದುದರಿಂದ ತಟ್ಟೆಯನ್ನು ಬೆಳಕಿನಲ್ಲಿಡಬೇಕು. ಸಸಿಯ ತುದಿ ಬೆಳಕನ್ನು ಗ್ರಹಿಸಿ ಅತ್ತ ಬಾಗುವುದನ್ನು ಚಾರ್ಲ್ಸ್ ಡಾರ್ವಿನ್ ತಮ್ಮ ಮಗ ಫ್ರಾನ್ಸಿಸ್ ಜೊತೆಗೂಡಿ 1880ರಲ್ಲಿ ವರ್ಣಿಸಿದರು. ಪೈರು ನೆಟ್ಟಗೆ ಬರಬೇಕಾದರೆ ತಟ್ಟೆಯನ್ನು ದಿನಕ್ಕೊಮ್ಮೆ ತಿರುಗಿಸಿದರಾಯಿತು.

ಆಮ್ಲಜನಕದ ಮಾತು

ಬಾಗಿಲಿಗೆ ಕಟ್ಟಿದ ಮಾವಿನೆಲೆ ಆಮ್ಲಜನಕವನ್ನು ಬಿಟ್ಟು ಮನೆಯ ಗಾಳಿಯನ್ನು ಶುದ್ಧಗೊಳಿಸುತ್ತದೆಂದು ಹೇಳುವವರಿದ್ದಾರೆ. ಇದನ್ನು ಲೆಕ್ಕಕ್ಕೆ ಒಡ್ಡಿ ನೋಡಬಹುದು. ಮರದಲ್ಲಿರುವ ಎಲೆ ಒಳ್ಳೆಯ ಬಿಸಿಲಿನಲ್ಲಿ ಚದರ ಮೀಟರಿಗೆ ಗಂಟೆಗೆ ಸುಮಾರು ಒಂದು ಲೀಟರು ಆಮ್ಲಜನಕವನ್ನು ಕೊಡುತ್ತದೆಂದು ಹಿಡಿಯೋಣ. ಇಪ್ಪತ್ತೊಂದು ಎಲೆಗಳ ತೋರಣದ ವಿಸ್ತೀರ್ಣ ಒಂದು ಚದರ ಮೀಟರಿನ ಆರನೆಯ ಒಂದು ಪಾಲು. ಎಂದರೆ ಗಂಟೆಗೆ ಲೀಟರಿನ ಆರನೆಯ ಒಂದು ಪಾಲು ಆಮ್ಲಜನಕ. ಸುಮ್ಮನೆ ಕುಳಿತ ಒಬ್ಬ ಮನುಷ್ಯನಿಗೆ ಗಂಟೆಗೆ ಬೇಕಾದುದು ಸುಮಾರು 15 ಲೀಟರು. ಅದಲ್ಲದೆ ಕೊಯ್ದ ಎಲೆ ಬೇಗನೆ ತನ್ನ ಪತ್ರರಂಧ್ರಗಳನ್ನು ಮುಚ್ಚಿಕೊಳ್ಳುತ್ತದೆ; ಇಂಗಾಲದ ಡೈ ಆಕ್ಸೈಡ್ ಒಳಗೆ ಬಾರದೆ ಆಮ್ಲಜನಕವೂ ತಯಾರಾಗದು. ತೋರಣ ಚೆಲುವಿಗಾಗಿ, ಮಂಗಳಕ್ಕಾಗಿ ಇರುವಂಥದು; ಅದಕ್ಕೆ ಬೇರೆ ಸಮರ್ಥನೆ ಬೇಕಿಲ್ಲ.

ಒಣಗಿದ ಮೇಲೆ

ಕೊನೆಯದಾಗಿ, ಎಲ್ಲಕ್ಕಿಂತ ಮುಖ್ಯವಾದ ಮಾತು. ಹಸಿ ಎಲೆಯ ತೂಕದಲ್ಲಿ ಅರ್ಧಕ್ಕಿಂತ ಹೆಚ್ಚು ನೀರೇ. 30 ಡಿಗ್ರಿಯಲ್ಲಿರುವ ಒಂದು ಗ್ರಾಂ ನೀರನ್ನು ಕುದಿಬಿಂದುವಿಗೆ ಏರಿಸಿ ಆವಿಯಾಗಿಸಲು ಸುಮಾರು 610 ಕ್ಯಾಲೊರಿ ಶಾಖ ಬೇಕು. ಜ್ವಾಲೆಯ ಶಾಖ ಮೊದಲು ಇದಕ್ಕೇ ವ್ಯಯವಾಗುವುದರಿಂದ ಹಸಿ ಎಲೆ ಸುಲಭವಾಗಿ ಉರಿಯುವುದಿಲ್ಲ. ಒಣಗಿದ ಎಲೆಗೆ ಆ ಕಾವಲಿಲ್ಲ. ಗಾಳಿಮರವಂತೂ ಉತ್ತಮ ಸೌದೆಯೆಂದೇ ಹೆಸರಾದುದು. ಅದರ ಎಳೆಗಳು ತೆಳುವಾಗಿರುವುದರಿಂದ ಸುತ್ತಲೂ ಗಾಳಿ ಆಡಿ ಕ್ಷಣಮಾತ್ರದಲ್ಲಿ ಉರಿ ಹಬ್ಬುತ್ತದೆ. ಹಿಂದೆ ಯೂರೋಪಿನಲ್ಲಿ ಕ್ರಿಸ್‌ಮಸ್ ಮರಕ್ಕೆ ಮೇಣದ ಬತ್ತಿಗಳನ್ನು ಸಿಕ್ಕಿಸಿ ಹಚ್ಚುತ್ತಿದ್ದರು. ಅದರಿಂದಾದ ಅನಾಹುತಗಳು ಅನೇಕ. 1882ರಲ್ಲಿ ನ್ಯೂಯಾರ್ಕಿನಲ್ಲಿ ಎಡ್ವರ್ಡ್ ಜಾನ್ಸನ್ ಎಂಬವರು ತಮ್ಮ ಮನೆಯ ಮರವನ್ನು ವಿದ್ಯುದ್ದೀಪಗಳಿಂದ ಅಲಂಕರಿಸಿದರು. ಇಂದಿನ ಎಲ್‌ಇಡಿ ದೀಪಗಳು ಅವುಗಳಿಗಿಂತಲೂ ತಣ್ಣಗಿವೆ.

ದಸರೆಯ ತೋರಣವನ್ನು ದೀಪಾವಳಿಯವರೆಗೆ ಬಾಗಿಲಲ್ಲಿಯೇ ಬಿಟ್ಟು, ಅದರ ಕೆಳಗೆ ಹಣತೆ ಸಾಲಿಡುವ ಮನೆಗಳಿವೆ. ಎಲೆಯನ್ನು ಬೆರಳುಗಳ ನಡುವೆ ಮಡಿಸಿ ನೋಡುವುದು ಸುಲಭವಾದ ಪರೀಕ್ಷೆ. ಅದು ಬಾಗಿದರೆ ಇರಲಿ. ಚಟ್ಟನೆ ಮುರಿದರೆ ಅಂದೇ ಇಳಿಸಿ ಗೊಬ್ಬರದ ಗುಂಡಿಗೆ ಹಾಕಬೇಕು. ಮುಂದಿನ ಹಬ್ಬಕ್ಕೆ ಮರ ಮತ್ತೆ ಕೊಡುತ್ತದೆ.