ಕೆಲಸಕ್ಕೆ ಹೋಗಿಬರುವ ಖರ್ಚು

ನಮ್ಮ ಕೆ.ಬಿ. ಬಡಾವಣೆಯಿಂದ ಬೆಳಿಗ್ಗೆ ಕೆಲಸಕ್ಕೆ ಹೊರಡುವವರ ದಾರಿ ಒಂದೇ ಅಲ್ಲ. ಅಂಗಡಿ, ಹೊಲಿಗೆ, ಮನೆಗೆಲಸ ಹತ್ತಿರದಲ್ಲೇ ಇದ್ದವರಿಗೆ ಕಾಲ್ನಡಿಗೆ ಇಲ್ಲವೇ ಸೈಕಲ್ ಸಾಕು.

ಹರಿಹರದ ಕಡೆ ಕೆಲಸವಿದ್ದವರ ಮಾತು ಬೇರೆ. ಅದು ಸುಮಾರು 14 ಕಿ.ಮೀ. ದೂರ. ಹಳೇ ಪಿ.ಬಿ. ರಸ್ತೆಯಲ್ಲಿ ಬಸ್ಸು, ಬೈಕು. ಬೆಂಗಳೂರು–ಹುಬ್ಬಳ್ಳಿ ಮಾರ್ಗದ ರೈಲೂ ಉಂಟು. ಹರಿಹರದಲ್ಲಿ ತುಂಗಭದ್ರಾ ಸೇತುವೆ ದಾಟಿದರೆ ಹಾವೇರಿ ಜಿಲ್ಲೆ. ಕುಮಾರಪಟ್ಟಣದ ಹರಿಹರ ಪಾಲಿಫೈಬರ್ಸ್ ಕಾರ್ಖಾನೆ ಇರುವುದು ಅಲ್ಲಿ.

2023ರ ಜೂನ್ 11ರಂದು ಶಕ್ತಿ ಯೋಜನೆ ಆರಂಭವಾಯಿತು. ರಾಜ್ಯದ ಮಹಿಳೆಯರಿಗೆ ಸರ್ಕಾರಿ ಸಾಮಾನ್ಯ ಬಸ್ಸುಗಳಲ್ಲಿ ರಾಜ್ಯದೊಳಗೆ ಪ್ರಯಾಣ ಉಚಿತ. ದಿನಕ್ಕೆ 40 ರೂಪಾಯಿ ಉಳಿದರೂ 26 ದಿನ ದುಡಿದವರಿಗೆ ತಿಂಗಳಿಗೆ 1,040 ರೂಪಾಯಿ ಉಳಿತಾಯ. ಆದರೆ ಖಾಸಗಿ ಬಸ್ಸಿಗೆ, ಆಟೋಗೆ ಈ ಸೌಲಭ್ಯವಿಲ್ಲ. ಸರ್ಕಾರಿ ಬಸ್ಸಿಲ್ಲದ ಹೊತ್ತಿನಲ್ಲಿ ಕೆಲಸ ಬಿಟ್ಟರೆ ಆ ಉಳಿತಾಯ ಕೈತಪ್ಪುತ್ತದೆ. ಗಂಡಸರಿಗಂತೂ ಎಲ್ಲ ದಿನವೂ ಟಿಕೆಟ್ಟೇ.

ಆದ್ದರಿಂದ ನಾಳೆ ನಾವು ಕೆಲಸ ಹುಡುಕುವಾಗ ಸಂಬಳವೊಂದನ್ನೇ ಕೇಳಿದರೆ ಸಾಲದು. ಪಾಳಿ ಎಷ್ಟು ಹೊತ್ತಿಗೆ ಮುಗಿಯುತ್ತದೆ, ಕೊನೆಯ ಬಸ್ಸು ಎಷ್ಟಕ್ಕೆ ಎಂದೂ ಕೇಳಬೇಕು. ಹೋಗಿಬರುವ ಖರ್ಚು ಕಳೆದು ಉಳಿದದ್ದೇ ಮನೆಗೆ ಸೇರುವ ನಿಜವಾದ ಸಂಬಳ.