ಜೀಪಿಗೂ ಬೇಕು ಆರೈಕೆ

ಎತ್ತು ಎಷ್ಟೇ ಬಲಶಾಲಿಯಾದರೂ ಲಾಳ ಸವೆದರೆ ಕುಂಟುವುದಷ್ಟೆ. ಜೀಪಿನ ಮಾತೂ ಹಾಗೆಯೇ. 1941ರಲ್ಲಿ ವಿಲ್ಲಿಸ್ ಕಾರ್ಖಾನೆ ಅಮೆರಿಕದ ಸೈನ್ಯಕ್ಕಾಗಿ ತಯಾರಿಸತೊಡಗಿದ ಈ ಗಾಡಿಯನ್ನು ಸ್ವಾತಂತ್ರ್ಯ ಬಂದ ಹೊಸದರಲ್ಲಿ ಮಹೀಂದ್ರ ಕಂಪನಿ ನಮ್ಮಲ್ಲಿಯೂ ಜೋಡಿಸಿತು. ಮಲೆನಾಡಿನ ತೋಟದ ದಾರಿಗಳಿಗೆ ಅದು ಚೆನ್ನಾಗಿ ಒಗ್ಗಿತು. ಆದರೆ ವಾಚಕರೆ, "ಜೀಪಿಗೇನಾದೀತು!" ಎಂಬ ನಂಬಿಕೆಯೇ ಅದಕ್ಕೆ ಶತ್ರು.

ಹಳ್ಳ ದಾಟುವಾಗ ಏನಾಗುತ್ತದೆ, ನೋಡಿ. ಓಡಿ ಬಿಸಿಯಾದ ಆಕ್ಸಲ್ ತಣ್ಣೀರಿನಲ್ಲಿ ಮುಳುಗಿದೊಡನೆ ಅದರೊಳಗಿನ ಗಾಳಿ ಕುಗ್ಗುತ್ತದೆ. ಗ್ಯಾರೇಜಿನವರು ಬ್ರೀದರ್ ಎನ್ನುವ ಉಸಿರುಗೊಳವೆ ಕಟ್ಟಿಕೊಂಡಿದ್ದರೆ, ಸವೆದ ಸೀಲುಗಳ ಸಂದಿನಿಂದ ನೀರು ಒಳಸೇರುತ್ತದೆ. ಆಯಿಲು ಹಾಲು ಬೆರೆತ ಕಾಫಿಯ ಬಣ್ಣಕ್ಕೆ ತಿರುಗಿದ್ದರೆ ಕೂಡಲೆ ಬದಲಿಸಬೇಕು. ತಡಮಾಡಿದರೆ ಬೇರಿಂಗುಗಳು ತುಕ್ಕು ಹಿಡಿಯುವುವು. ಶಾಫ್ಟಿನ ಕೀಲುಗಳಿಗೆ ಹೊಸ ಗ್ರೀಸು ತುಂಬಿ ನೀರನ್ನೂ ಕೆಸರನ್ನೂ ಹೊರದಬ್ಬಬೇಕು.

ಬ್ರೇಕಿನದು ಇನ್ನೂ ಮುಖ್ಯ. ನೀರಿನಿಂದ ಮೇಲೆ ಬಂದೊಡನೆ, ನಿಧಾನವಾಗಿ ಓಡಿಸುತ್ತ, ಪೆಡಲನ್ನು ಮೆಲ್ಲಗೆ ಒತ್ತಿ ಒತ್ತಿ ಬ್ರೇಕುಗಳನ್ನು ಒಣಗಿಸಬೇಕು. ಬ್ರೇಕಿನ ಆಯಿಲಾದರೋ ಕಾಲಕ್ರಮದಲ್ಲಿ ಗಾಳಿಯ ತೇವವನ್ನು ಹೀರಿಕೊಳ್ಳುತ್ತದೆ. ಘಟ್ಟದ ಇಳಿಜಾರಿನಲ್ಲಿ ಬ್ರೇಕು ಕಾದಾಗ ಆ ತೇವ ಆವಿಯಾಗಿ, ಒತ್ತಿದ ಪೆಡಲು ಹಿಡಿತವಿಲ್ಲದೆ ಕುಸಿಯುತ್ತದೆ. ಆದಕಾರಣ 2 ವರ್ಷಕ್ಕೊಮ್ಮೆ ಅದನ್ನು ಬದಲಿಸುವುದು ವಿವೇಕ.

ಇವನ್ನೆಲ್ಲ ನೋಡಿಕೊಳ್ಳಲು ಒಂದು ಬೆಳಗು ಸಾಕು. ಹಿಂದಿನ ಸೀಟಿನಲ್ಲಿ ಶಾಲೆಗೆ ಹೊರಟ ಮಕ್ಕಳಿರುತ್ತಾರೆಂಬುದನ್ನು ನೆನೆದರೆ, ಆ ಬೆಳಗು ವ್ಯರ್ಥವೆನಿಸದು.